ಕಳೆ ಕೀಳುವ ಮುನ್ನ

ಕನ್ನಡದ 'ಕಳೆ' ಎಂಬ ಪದ ವಿಚಿತ್ರವಾದದ್ದು. ಗದ್ದೆಯಲ್ಲಿದ್ದರೆ ಅದು ಕಿತ್ತೆಸೆಯಬೇಕಾದ ಗಿಡ. ಮುಖದ ಮೇಲಿದ್ದರೆ ಕಾಂತಿ. ಲೆಕ್ಕದ ಪುಸ್ತಕದಲ್ಲಿದ್ದರೆ ವ್ಯವಕಲನ. ಕಾಂತಿ ಎಂಬ ಅರ್ಥದ ಕಳೆ ಸಂಸ್ಕೃತದ 'ಕಲಾ'ದಿಂದ ಬಂದದ್ದು, ಉಳಿದವು ನಮ್ಮವೇ. ತರಗತಿಯಲ್ಲಿ ನಾನಾರ್ಥ ಪದಗಳನ್ನು ಹೇಳಿಕೊಡುವಾಗ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಆದರೆ ಈ ಮೂರು ಅರ್ಥಗಳಲ್ಲಿ ಮೊದಲನೆಯದು ಮಾತ್ರ ಯೋಚಿಸಿದಷ್ಟೂ ಕೈಗೆ ಸಿಗದೆ ಜಾರುತ್ತದೆ. ಯಾವುದು ಕಳೆ? ಹಾಗೆಂದು ತೀರ್ಮಾನಿಸುವವರು ಯಾರು?

ಸಸ್ಯಶಾಸ್ತ್ರದಲ್ಲಿ ಹುಲ್ಲಿನ ಕುಟುಂಬವಿದೆ, ತುಳಸಿಯ ಕುಟುಂಬವಿದೆ, ಕಳೆಯ ಕುಟುಂಬ ಎಂಬುದಿಲ್ಲ. ನಮಗೆ ಬೇಡವಾದ ಜಾಗದಲ್ಲಿ ಹುಟ್ಟಿದ ಗಿಡಕ್ಕೆ ನಾವು ಕೊಟ್ಟ ಹೆಸರು ಅದು, ಅಷ್ಟೇ. ಗರಿಕೆಯನ್ನೇ ನೋಡಿ. ವರ್ಷವೆಲ್ಲ ಅಂಗಳದಿಂದ ಅದನ್ನು ಕೆತ್ತಿ ಹಾಕುತ್ತೇವೆ. ಗಣೇಶನ ಚೌತಿಯ ಬೆಳಿಗ್ಗೆ ಮಾತ್ರ ಮಕ್ಕಳ ಕೈಯಲ್ಲಿ ತಟ್ಟೆ ಕೊಟ್ಟು ಹುಡುಕಿಸುತ್ತೇವೆ. ಒಂದೆಲಗ ನಮ್ಮೂರಿನಲ್ಲಿ ಚರಂಡಿಯ ಪಕ್ಕ ಹಬ್ಬುವ ಬಳ್ಳಿ. ನಿಮ್ಮ ಪಟ್ಟಣದ ಮಾರುಕಟ್ಟೆಯಲ್ಲಿ ಅದೇ ಕಟ್ಟಿಗಿಷ್ಟು ಎಂದು ದುಡ್ಡಿಗೆ ಸಿಗುತ್ತದೆ, ನೀವು ತಂಬುಳಿ ಮಾಡುತ್ತೀರಿ. ಕಾಮಾಲೆಯಾದವರ ಮನೆಯಲ್ಲಿ ನೆಲನೆಲ್ಲಿಗೆ ಸಿಗುವ ಮರ್ಯಾದೆ ಬೇರೆಯವರ ಮನೆಯಲ್ಲಿ ಸಿಗುವುದಿಲ್ಲ.

ನಮ್ಮ ಸೀಮೆಯನ್ನು ಸಾಕುವ ಕಾಫಿಯೂ ಇಲ್ಲಿನದಲ್ಲ. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಅರಬ್ ನಾಡಿನಿಂದ ಬೀಜ ತಂದರೆಂದು ಪ್ರತೀತಿ. ಲಂಟಾನವೂ ಪರದೇಶದ್ದೇ. ಅಮೆರಿಕದ ಉಷ್ಣವಲಯದಿಂದ ಬ್ರಿಟಿಷರ ಕಾಲದಲ್ಲಿ ತೋಟದ ಚೆಂದಕ್ಕೆಂದು ಬಂದು, ಬೇಲಿ ದಾಟಿ, ಬಂಡೀಪುರದಂಥ ಕಾಡುಗಳ ಒಳಗೆಲ್ಲ ಹಬ್ಬಿ ಕೂತಿದೆ. ಹೊರಗಿನಿಂದ ಬಂದ ಎರಡು ಗಿಡಗಳಲ್ಲಿ ಒಂದು ಬೆಳೆಯಾಯಿತು, ಇನ್ನೊಂದು ಕಳೆಯಾಯಿತು. ಇನ್ನೂ ಒಂದು ತಮಾಷೆಯಿದೆ. ಹಕ್ಕಿಯೋ ಪುನುಗಿನ ಬೆಕ್ಕೋ ಹಣ್ಣು ತಿಂದು ಬೀಳಿಸಿದ ಕಾಫಿ ಬೀಜ ನಮ್ಮ ಮನೆಯ ಜಲ್ಲಿ ದಾರಿಯಲ್ಲಿ ಮೊಳೆತರೆ ಅದನ್ನೂ ಕಿತ್ತು ಹಾಕುತ್ತೇವೆ. ಊರಿಗೆಲ್ಲ ಅನ್ನ ಕೊಡುವ ಗಿಡವೂ ನನ್ನ ಕಾರಿನ ಚಕ್ರಕ್ಕೆ ಅಡ್ಡ ಬಂದರೆ ಕಳೆಯೇ!

ಬಣಕಲ್ ಮಳೆಯ ಊರು. ಚಾರ್ಮಾಡಿ ಘಾಟಿ ಹತ್ತಿ ಬರುವ ಮೋಡ ಮೊದಲು ಭಾರ ಇಳಿಸುವ ಊರುಗಳಲ್ಲಿ ನಮ್ಮದೂ ಒಂದು. ಇಲ್ಲಿ ಗೇಟಿನಿಂದ ಮನೆ ಬಾಗಿಲವರೆಗಿನ ದಾರಿಗೆ ಸಿಮೆಂಟು ಹಾಕಿಸಿದರೆ ಆಷಾಢ ಬರುವುದರೊಳಗೆ ಪಾಚಿ ಕಟ್ಟಿ, ನೆಂಟರು ಕೈಕಾಲು ಮುರಿದುಕೊಳ್ಳುವ ಹಾಗಾಗುತ್ತದೆ. ಹಾಗಾಗಿ ಅನೇಕರು ಜಲ್ಲಿ ಹಾಸುತ್ತಾರೆ. ನೀರು ಇಂಗುತ್ತದೆ, ಕಾಲು ಜಾರುವುದಿಲ್ಲ. ಆದರೆ ಕಳೆ ಬರುತ್ತದೆ. ಹಾಸುವಾಗ ಜಲ್ಲಿಯ ಅಡಿಗೆ ಪ್ಲಾಸ್ಟಿಕ್ ಹಾಳೆ ಹಾಕಿಸಿದವರೂ ಎರಡು ಮಳೆಗಾಲ ಕಳೆದ ಮೇಲೆ ತಲೆಯ ಮೇಲೆ ಕೈ ಹೊತ್ತುಕೊಳ್ಳುತ್ತಾರೆ. ಕಾರಣ ಸರಳ. ಹೆಚ್ಚಿನ ಕಳೆ ಕೆಳಗಿನಿಂದ ಏಳುವುದಲ್ಲ, ಮೇಲಿನಿಂದ ಇಳಿಯುವುದು. ಸಿಲ್ವರ್ ಓಕಿನ ಎಲೆ ಉದುರಿ ಕಲ್ಲುಗಳ ಸಂದಿಯಲ್ಲಿ ಕೊಳೆಯುತ್ತದೆ, ಧೂಳು ಕೂರುತ್ತದೆ, ಅರ್ಧ ಅಂಗುಲ ಮಣ್ಣಾಗುತ್ತದೆ. ಗಾಳಿ ತಂದ ಬೀಜಕ್ಕೆ ಅಷ್ಟು ಸಾಕು. ನಾವು ನೆಲವನ್ನು ಮುಚ್ಚಿದೆವು ಎಂದುಕೊಂಡಾಗ ಆಕಾಶ ತೆರೆದೇ ಇರುತ್ತದೆ. ಗಿಡ ಬರದಂತೆ ತಡೆಯಬೇಕಾದರೆ ಹಾಳೆಗಿಂತ ಪೊರಕೆ ಮೇಲು. ಎಲೆಯನ್ನು ಆಗಾಗ ಗುಡಿಸಿ ತೆಗೆದರೆ ಮಣ್ಣು ಹುಟ್ಟುವುದೇ ನಿಧಾನವಾಗುತ್ತದೆ.

ಬಂದ ಕಳೆಯನ್ನು ಏನು ಮಾಡುವುದು? ಉಪ್ಪು ಸುರಿದರೆ ಪಕ್ಕದ ಹೂಗಿಡದ ಮಣ್ಣೂ ಕೆಡುತ್ತದೆ. ಎಳೆಯ ಸಸಿಗಳ ಮೇಲೆ ಕುದಿಯುವ ನೀರು ಹೊಯ್ದರೆ ಸಾಯುತ್ತವೆ, ಬೇರು ಬಲಿತ ಗರಿಕೆ ಮಾತ್ರ ಮತ್ತೆ ಚಿಗುರುತ್ತದೆ. ಉಳಿದವು ಎರಡೇ ದಾರಿ, ಕೈಯಿಂದ ಕೀಳುವುದು ಇಲ್ಲವೆ ಔಷಧಿ ಹೊಡೆಸುವುದು. ಕೊಲ್ಲುವ ವಸ್ತುವಿಗೂ ನಮ್ಮಲ್ಲಿ 'ಔಷಧಿ' ಎಂದೇ ಹೆಸರು, ಗಮನಿಸಿದ್ದೀರಾ?

ನಮ್ಮ ಮನೆಯಲ್ಲಿ ಈ ವಿಷಯಕ್ಕೆ ಪ್ರತಿ ವರ್ಷ ಚರ್ಚೆಯಾಗುತ್ತದೆ. ಮಗ ಹೇಳುತ್ತಾನೆ, "ಅಮ್ಮ, ಒಂದು ಕ್ಯಾನು ತಂದರೆ ಅರ್ಧ ದಿನದ ಕೆಲಸ. ನಾಲ್ಕು ದಿನ ಆಳು ಇಟ್ಟು ಕೀಳಿಸೋದು ಯಾಕೆ?" ಅವನ ಲೆಕ್ಕ ತಪ್ಪಲ್ಲ. ಆದರೆ ಆ ಲೆಕ್ಕದಲ್ಲಿ ಸೇರದ ಕೆಲವು ಸಂಗತಿಗಳಿವೆ. ಹೆಚ್ಚು ಬಳಕೆಯಲ್ಲಿರುವ ಗ್ಲೈಫೊಸೇಟ್ ಎಲೆಯಿಂದ ಇಳಿದು ಬೇರಿನವರೆಗೆ ಹೋಗಿ ಗಿಡವನ್ನು ಕೊಲ್ಲುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2015ರಲ್ಲಿ ಅದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ಸಂಭವವಿರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಅಮೆರಿಕ ಮತ್ತು ಯೂರೋಪಿನ ನಿಯಂತ್ರಣ ಸಂಸ್ಥೆಗಳು ಅದನ್ನು ಒಪ್ಪಲಿಲ್ಲ. ನಮ್ಮ ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ, ಕೀಟ ನಿಯಂತ್ರಣದ ಪರವಾನಗಿ ಇದ್ದವರು ಮಾತ್ರ ಅದನ್ನು ಬಳಸಬೇಕೆಂದು ಆದೇಶ ಹೊರಡಿಸಿತು. ಇನ್ನೊಂದು ವಿಷ ಪ್ಯಾರಾಕ್ವಾಟ್. ಅದು ಹೊಟ್ಟೆಗೆ ಹೋದರೆ ಅದಕ್ಕೆ ಪ್ರತಿವಿಷವೇ ಇಲ್ಲ.

ವಿಜ್ಞಾನಿಗಳ ವಾದ ಏನೇ ಇರಲಿ, ನನ್ನ ಕಣ್ಣಿಗೆ ಕಾಣುವುದು ಕ್ಯಾನು ಹೊತ್ತವನ ಬೆನ್ನು. ಕೈಗವಸಿಲ್ಲ, ಮುಖಕ್ಕೆ ಕಟ್ಟಿದ ಟವೆಲ್ಲೇ ರಕ್ಷಣೆ, ಕಾಲಲ್ಲಿ ಹವಾಯಿ ಚಪ್ಪಲಿ. ಡಬ್ಬಿಯ ಮೇಲಿನ ಎಚ್ಚರಿಕೆಯನ್ನು ಓದಬಲ್ಲ ನಾನು ವರಾಂಡದ ಒಳಗಿರುತ್ತೇನೆ, ಓದಲಾರದ ಅವನು ಮೋಡದಂಥ ಆ ಹನಿಗಳ ನಡುವೆ ನಿಂತಿರುತ್ತಾನೆ. ಮಳೆ ಬಂದರೆ ಜಲ್ಲಿಯ ಮೇಲಿನ ನೀರು ಚರಂಡಿಗೆ, ಚರಂಡಿಯದು ಹಳ್ಳಕ್ಕೆ, ಹಳ್ಳದ್ದು ಹೊಳೆಗೆ. ಹೇಮಾವತಿ ಹುಟ್ಟುವುದು ನಮ್ಮ ತಾಲ್ಲೂಕಿನ ಜಾವಳಿಯ ಬಳಿ. ಗೊರೂರಿನ ಅಣೆಕಟ್ಟು ದಾಟಿ, ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಅದು ಕಾವೇರಿಯನ್ನು ಸೇರುತ್ತದೆ. ಮೈಸೂರಿನ, ಬೆಂಗಳೂರಿನ ನಲ್ಲಿಗಳಲ್ಲಿ ಬರುವುದು ಆ ನೀರೇ. ಅಷ್ಟು ದೂರ ಎಷ್ಟು ವಿಷ ಹೋಗುತ್ತದೆಂದು ಲೆಕ್ಕ ಹಾಕಿ ನಿಮ್ಮನ್ನು ಹೆದರಿಸುವ ಉದ್ದೇಶ ನನಗಿಲ್ಲ. ನನ್ನ ಅಂಗಳದ ಅಂದಕ್ಕಾಗಿ ಬೇರೆಯವರ ಮೈಯನ್ನೋ ಬೇರೆಯವರ ನೀರನ್ನೋ ಖರ್ಚು ಮಾಡುವ ಹಕ್ಕು ನನಗೆ ಎಲ್ಲಿಂದ ಬಂತು ಎಂಬುದಷ್ಟೇ ನನ್ನ ಪ್ರಶ್ನೆ.

ಹಾಗಾದರೆ ಕೈಯಿಂದ ಕೀಳಿಸಿದರೆ ಎಲ್ಲವೂ ಸರಿಯಾಯಿತೇ? ಅದೂ ಅಷ್ಟು ಸುಲಭವಲ್ಲ. ಕಳೆ ಕೀಳುವವರು ಬಹುತೇಕ ಹೆಂಗಸರೇ. ಬಗ್ಗಿದ ಬೆನ್ನನ್ನು ನೋಡಿ ಶ್ರಮದ ಸೌಂದರ್ಯ ಎನ್ನುವುದು ಕುರ್ಚಿಯಲ್ಲಿ ಕುಳಿತವರ ಮಾತು. ಇಂಬಳ ಹತ್ತುತ್ತದೆ, ಮಂಡಿ ಹಿಡಿಯುತ್ತದೆ, ಉಗುರಿನ ಸಂದಿ ಸೀಳುತ್ತದೆ. ನಮ್ಮ ಮನೆಗೆ ಬಹಳ ವರ್ಷಗಳಿಂದ ಬರುತ್ತಿರುವ ಹೆಂಗಸನ್ನು ಒಮ್ಮೆ ಕೇಳಿದೆ, "ಕಿತ್ತಷ್ಟೂ ಬರ್ತದಲ್ಲ, ನಿಂಗೆ ಬೇಜಾರಾಗಲ್ವಾ?" ಅವಳು ತಲೆ ಎತ್ತದೆ ಹೇಳಿದಳು, "ಬರ್ಲಿ ಬಿಡಿ ಟೀಚರಮ್ಮ. ಅದು ಬಂದ್ರೆ ತಾನೇ ನಾನೂ ಬರೋದು?"

ಆ ಮಾತಿಗೆ ನಾನು ಉತ್ತರ ಕೊಡಲಿಲ್ಲ. ನನಗೆ ತೊಂದರೆಯಾದದ್ದು ಅವಳಿಗೆ ನಾಲ್ಕು ದಿನದ ಕೂಲಿ. ಆದರೆ ಅವಳ ಬಡತನವನ್ನು ನೆಪ ಮಾಡಿಕೊಂಡು ಅವಳನ್ನು ಬಗ್ಗಿಸಿಯೇ ಇಡುವುದೂ ನ್ಯಾಯವಲ್ಲ. ಕೆಲಸ ಇರಬೇಕು, ಅದು ಮೈ ಮುರಿಯಬಾರದು, ಗಂಡಾಳಿಗೆ ಕೊಡುವ ಕೂಲಿಯೇ ಅವಳಿಗೂ ಸಿಗಬೇಕು. ಸಮಾನ ವೇತನದ ಕಾನೂನು ಬಂದದ್ದು 1976ರಲ್ಲಿ. ಕಾನೂನು ದಿಲ್ಲಿಯಿಂದ ಬಂದರೂ ನನ್ನ ಗೇಟಿನ ಒಳಗೆ ಅದನ್ನು ಜಾರಿಗೆ ತರಬೇಕಾದವಳು ನಾನೇ. ಮಳೆ ಬಿದ್ದು ನೆಲ ಮೆತ್ತಗಾದಾಗ ಕೀಳುವುದು, ಕೂರಲು ಮಣೆ, ಉದ್ದ ಹಿಡಿಯ ಗುದ್ದಲಿ, ನಡುವೆ ಬಿಸಿ ಕಾಫಿ, ಇವು ದೊಡ್ಡ ಸುಧಾರಣೆಗಳೇನಲ್ಲ. ಆದರೆ ಇವಿಲ್ಲದೆ ಪರಿಸರದ ಬಗ್ಗೆ ಮಾತಾಡಿದರೆ ಅದು ಅರ್ಧ ಮಾತು.

ಮೂಡಿಗೆರೆಯಲ್ಲಿ ನೆಲೆಸಿದ್ದು 2007ರಲ್ಲಿ ತೀರಿಕೊಂಡ ಪೂರ್ಣಚಂದ್ರ ತೇಜಸ್ವಿಯವರು, ಜಪಾನಿನ ಫುಕುವೋಕಾ ಅವರ ವಿಚಾರಗಳನ್ನು 'ಸಹಜ ಕೃಷಿ'ಯ ಮೂಲಕ ಕನ್ನಡಿಗರಿಗೆ ಪರಿಚಯಿಸಿದರು. ಕಳೆಯನ್ನು ನಿರ್ಮೂಲ ಮಾಡಬೇಡಿ, ಹತೋಟಿಯಲ್ಲಿಡಿ ಎಂಬುದು ಫುಕುವೋಕಾರ ನಿಲುವು. ಹತೋಟಿಗೂ ನಿರ್ಮೂಲಕ್ಕೂ ಇರುವ ಅಂತರ ಬರಿಯ ಪ್ರಮಾಣದ್ದಲ್ಲ ಎಂದು ನನಗೆ ಅನಿಸುತ್ತದೆ. ಹತೋಟಿಯಲ್ಲಿಡುವವನು ಎದುರಿಗಿರುವುದಕ್ಕೂ ಒಂದು ಜಾಗವಿದೆ ಎಂದು ಒಪ್ಪಿರುತ್ತಾನೆ. ನಿರ್ಮೂಲ ಮಾಡಹೊರಟವನಿಗೆ ಜಗತ್ತೆಲ್ಲ ತನ್ನ ಅಂಗಳ.

ಇದನ್ನು ನಾನು ಕಲಿತದ್ದು ತೋಟದಲ್ಲಲ್ಲ, ಶಾಲೆಯಲ್ಲಿ. ಹಿಂದೆ ನಾನಿದ್ದ ಒಂದು ಶಾಲೆಯ ಸಭೆಯಲ್ಲಿ ಹತ್ತನೆಯ ತರಗತಿಯ ಫಲಿತಾಂಶದ ಮಾತು ಬಂತು. "ಒಂಬತ್ತರಲ್ಲೇ ಕಳೆ ಕಿತ್ತುಬಿಟ್ಟರೆ ಹತ್ತರಲ್ಲಿ ನೂರಕ್ಕೆ ನೂರು" ಎಂದರು ಹಿರಿಯರೊಬ್ಬರು. ಎಲ್ಲರೂ ನಕ್ಕರು. ಕಳೆ ಎಂದರೆ ಯಾರೆಂದು ಎಲ್ಲರಿಗೂ ಗೊತ್ತಿತ್ತು. ಪಟ್ಟಿಯಲ್ಲಿ ಒಬ್ಬ ಹುಡುಗಿಯಿದ್ದಳು. ಕಾಫಿ ಕುಯ್ಲಿನ ತಿಂಗಳುಗಳಲ್ಲಿ ತಾಯಿ ತೋಟಕ್ಕೆ ಹೋದರೆ ಲೈನು ಮನೆಯಲ್ಲಿ ಕೂಸನ್ನು ನೋಡಿಕೊಳ್ಳಲು ಇವಳೇ ಆಗಬೇಕು. ನವೆಂಬರಿನಿಂದ ಫೆಬ್ರವರಿಯವರೆಗೆ ಹಾಜರಿ ಅಷ್ಟಕ್ಕಷ್ಟೆ, ಗಣಿತ ತಲೆಗೆ ಹತ್ತದು. ನಾವು ಮೂವರು ಶಿಕ್ಷಕಿಯರು ಸಂಜೆ ಪಾಠ ಮಾಡುತ್ತೇವೆಂದು ಹಟ ಹಿಡಿದು ಅವಳನ್ನು ಉಳಿಸಿಕೊಂಡೆವು. ಹತ್ತನೆಯ ತರಗತಿಯಲ್ಲಿ ಅವಳು ಗಣಿತದಲ್ಲಿ ನಪಾಸಾದಳು. ಶಾಲೆಯ ಫಲಿತಾಂಶ ನೂರಾಗಲಿಲ್ಲ, ಅಭಿನಂದನೆಯ ಬ್ಯಾನರ್ ಕಟ್ಟಲಾಗಲಿಲ್ಲ. ಪೂರಕ ಪರೀಕ್ಷೆಯಲ್ಲಿ ಮೂವತ್ತೈದು ಅಂಕ ತೆಗೆದು ಪಾಸಾದಳು.

ಮುಂದೆ ಅವಳು ದೊಡ್ಡ ಅಧಿಕಾರಿಯಾದಳು ಎಂದು ಬರೆದಿದ್ದರೆ ನಿಮಗೂ ಹಿತವಾಗುತ್ತಿತ್ತು. ಹಾಗೇನೂ ಆಗಲಿಲ್ಲ. ಮದುವೆಯಾಗಿದ್ದಾಳೆ, ತೋಟದ ಕೆಲಸಕ್ಕೆ ಹೋಗುತ್ತಾಳೆ, ಮಗಳ ಪುಸ್ತಕಗಳಿಗೆ ತಾನೇ ರಟ್ಟು ಹಾಕಿ ಹೆಸರು ಬರೆಯುತ್ತಾಳೆ. ನನಗೆ ಅಷ್ಟು ಸಾಕು. ಒಂದೆಲಗವನ್ನು ತಂಬುಳಿಗಾಗುತ್ತದೆಂದು ಉಳಿಸುತ್ತೇವೆ, ನೆಲನೆಲ್ಲಿಯನ್ನು ಮದ್ದಿಗಾಗುತ್ತದೆಂದು ಉಳಿಸುತ್ತೇವೆ. ಗಿಡದ ಮಟ್ಟಿಗೆ ಈ ಲೆಕ್ಕ ನಡೆದೀತು. ಮಕ್ಕಳನ್ನು ಮುಂದೆ ಯಾವುದಕ್ಕೋ ಆಗುತ್ತಾರೆಂದು ಉಳಿಸಿಕೊಳ್ಳುವುದಲ್ಲ. ಬೆಂಚಿನ ಮೇಲಿನ ಜಾಗ ಅವರದು, ಅಷ್ಟೇ ಕಾರಣ. ಗಿಡವನ್ನು ಕಳೆ ಎನ್ನುವುದು ಅನುಕೂಲದ ಮಾತು. ಮನುಷ್ಯರನ್ನು ಹಾಗೆಂದಾಗ ನಮ್ಮ ಅನುಕೂಲವನ್ನೇ ನ್ಯಾಯ ಎಂದು ಹೇಳಿದಂತಾಗುತ್ತದೆ. ಮನೆಗಳಲ್ಲೂ ಈ ಮಾತು ಬೇರೆ ಬೇರೆ ವೇಷದಲ್ಲಿ ಓಡಾಡುತ್ತಿರುತ್ತದೆ. ಗಳಿಸದ ಮೈದುನ, ಮರೆವಿನ ಅತ್ತೆ, ಮದುವೆಯಾಗದೆ ಉಳಿದ ನಾದಿನಿ, ಇವರ ಬಗ್ಗೆ ಅಡುಗೆಮನೆಯಲ್ಲಿ ನಾವಾಡುವ ಮಾತುಗಳನ್ನು ಒಮ್ಮೆ ಕಿವಿಗೊಟ್ಟು ಕೇಳಬೇಕು.

ಹಾಗೆಂದು ಎಲ್ಲ ಗಿಡವನ್ನೂ ಬೆಳೆಯಲು ಬಿಡಿ ಎಂದು ನಾನು ಹೇಳುತ್ತಿಲ್ಲ. ಪಾರ್ಥೇನಿಯಂ ಮೈಗೆ ತಗುಲಿದರೆ ಕಜ್ಜಿ, ಉಸಿರಿಗೆ ತಗುಲಿದರೆ ಉಬ್ಬಸ. ಬಾಗಿಲ ಮುಂದೆ ಹುಲ್ಲು ಮೊಣಕಾಲುದ್ದ ಬೆಳೆದರೆ ಹಾವು ಕಾಣುವುದಿಲ್ಲ, ಮೊಮ್ಮಕ್ಕಳು ಬರಿಗಾಲಲ್ಲಿ ಓಡುತ್ತಾರೆ. ಕೀಳಲೇಬೇಕು. ಕೀಳುವುದಕ್ಕೂ ಒಂದು ಮರ್ಯಾದೆ ಇರಲಿ ಎನ್ನುತ್ತೇನೆ. ಕಾಲಿಡುವ ಜಾಗದಲ್ಲಿ ಮಾತ್ರ ಕೀಳುವುದು, ಹೂ ಬಿಟ್ಟು ಬೀಜವಾಗುವ ಮೊದಲೇ ಕೀಳುವುದು, ಬೇಲಿಯಂಚಿನ ಎರಡಡಿಯನ್ನು ತುಂಬೆಗೂ ಮುಟ್ಟಿದರೆ ಮುನಿಗೂ ಬಿಟ್ಟುಬಿಡುವುದು. ನಾನೇ ಕೂತು ಕೀಳಬಲ್ಲಷ್ಟನ್ನು ನಾನೇ ಕೀಳುವುದು. ಇಷ್ಟಾದ ಮೇಲೂ ಅಲ್ಲೊಂದು ಇಲ್ಲೊಂದು ಹಸಿರು ಎಳೆ ಉಳಿದಿದ್ದರೆ ನೆಂಟರು ನೋಡಲಿ, ಏನೂ ಆಗುವುದಿಲ್ಲ. ಒಂದೇ ಒಂದು ಗಿಡವೂ ಇಲ್ಲದ ದಾರಿಯನ್ನು ಕಂಡಾಗ ನಾನಂತೂ ಈಗ ಹೊಗಳಲು ಹೋಗುವುದಿಲ್ಲ. ಇದನ್ನು ಇಷ್ಟು ಸ್ವಚ್ಛವಾಗಿಡಲು ಯಾರ ಮೈ ಸವೆಯಿತೋ ಎಂದು ಮೊದಲು ವಿಚಾರಿಸುತ್ತೇನೆ.