ಹಳೆಯ ಮೋಟಾರಿನ ತಂಪೂ ಕಾಣದ ಹಿಂಸೆಯೂ

ಪಾಪಪುಣ್ಯಗಳ ವಿಚಾರವು ಮೋಟಾರು ದುರಸ್ತಿಯ ಅಂಗಡಿಯಲ್ಲಿ ಎದುರಾದೀತೆಂದು ನಾನು ಎಣಿಸಿರಲಿಲ್ಲ. ನಮ್ಮ ಮನೆಯ ಗಾಡಿ 1991ರದು. ಅದರ ತಂಪಿನ ಯಂತ್ರಕ್ಕೆ ತುಂಬುತ್ತಿದ್ದುದು ಆರ್-12 ಎಂಬ ಅನಿಲ. 2005ರ ಬೇಸಗೆಯಲ್ಲಿ ತಂಪು ಕುಗ್ಗಿತೆಂದು ಒಯ್ದಾಗ, ಕೆಲಸಗಾರನು ಕೊಳವೆಯ ಬಾಯನ್ನು ಸಡಿಲಿಸಿ, ಉಳಿದಿದ್ದುದನ್ನು ಬಯಲಿಗೆ ಬಿಟ್ಟು, ಮತ್ತೆ ಅದೇ ಅನಿಲವನ್ನು ತುಂಬಿದನು. ಬುಸ್ಸೆಂಬ ಸದ್ದು ಒಂದು ನಿಮಿಷವೂ ಇರಲಿಲ್ಲ. ಪಕ್ಕದಲ್ಲಿಯೇ ನಿಂತಿದ್ದ ನಾನು ಬೇಡವೆನ್ನಲಿಲ್ಲ. ವರ್ಷವರ್ಷವೂ ಸೆಪ್ಟೆಂಬರು 16ರಂದು ಶಾಲೆಯ ಮಕ್ಕಳಿಗೆ ಓಜೋನ್ ದಿನದ ಭಾಷಣ ಮಾಡುತ್ತಿದ್ದವನೂ ನಾನೇ.

ಹಿಂಸೆಯನ್ನು ಪತಂಜಲಿಯು ಕೃತ, ಕಾರಿತ, ಅನುಮೋದಿತವೆಂದು ಮೂರಾಗಿ ಎಣಿಸಿದ್ದಾನೆ. ಪಾಠಶಾಲೆಯಲ್ಲಿ ಓದುವಾಗ ಮೂರನೆಯದು ಕೇವಲ ಸಂಖ್ಯಾಪೂರಣಕ್ಕೆ ಬಂದುದೆಂದು ತೋರುತ್ತಿತ್ತು. ಹಣ ಕೊಟ್ಟು ಮಾಡಿಸಿ, ಎದುರು ನಿಂತು ಸುಮ್ಮನಿದ್ದವನಿಗೆ ಎರಡನೆಯದೂ ಮೂರನೆಯದೂ ಕೂಡಿಯೇ ತಗಲುತ್ತವೆಯಲ್ಲವೆ?

ಹಿಂಸೆಗೊಳಗಾದವರಾರೆಂದು ವಾಚಕರು ಕೇಳಬಹುದು. ಕಣ್ಣಿಗೆ ಯಾರೂ ಕಾಣರು; ತೊಡಕಿರುವುದೇ ಅಲ್ಲಿ. ಅಮೆರಿಕದ ತಾಮಸ್ ಮಿಜ್ಲಿಯು 1928ರ ಸುಮಾರಿಗೆ ಈ ಅನಿಲವನ್ನು ಆರಿಸಿದುದು ದುರ್ಬುದ್ಧಿಯಿಂದಲ್ಲ. ಅಂದಿನ ಶೀತಯಂತ್ರಗಳ ವಿಷಾನಿಲ ಸೋರಿದರೆ ಮನೆಮಂದಿಗೆ ಪ್ರಾಣಭಯವಿತ್ತು. 1930ರಲ್ಲಿ ಆತನು ಹೊಸ ಅನಿಲವನ್ನು ವಿದ್ವಾಂಸರೆದುರು ತಾನೇ ಉಸಿರೆಳೆದುಕೊಂಡು, ಬಿಟ್ಟ ಉಸಿರಿನಿಂದ ಮೇಣದ ಬತ್ತಿಯನ್ನಾರಿಸಿ ತೋರಿಸಿದನು: ವಿಷವಲ್ಲ, ಉರಿಯುವುದೂ ಇಲ್ಲ. ಅದರೊಳಗಿನ ಕ್ಲೋರೀನು ಮೇಲಣ ಓಜೋನನ್ನು ಕೆಡಿಸುವುದೆಂದು ಮೊಲಿನಾ, ರೋಲೆಂಡರು ತಿಳಿಸಿದುದು 1974ರಲ್ಲಿ. ಮಾಂಟ್ರಿಯಲ್ ಒಪ್ಪಂದವಾದುದು 1987ರಲ್ಲಿ. ಮಿಜ್ಲಿಗೆ ಅಜ್ಞಾನದ ಕ್ಷಮೆಯುಂಟು, ನನಗಿಲ್ಲ. ಅಂದು ಬಯಲಾದುದರ ಬಹುಭಾಗವು ನಾನು ಹೋದ ಮೇಲೂ ಆಕಾಶದಲ್ಲಿರುವುದು.

ಈಗ ಯಂತ್ರವು ಮತ್ತೆ ಕುಗ್ಗಿದೆ. ತಂಪನ್ನೇ ತೊರೆಯಬಾರದೇಕೆಂದು ಯೋಚಿಸಿದೆನು. ಆದರೆ ವೈಶಾಖದಲ್ಲಿ ರಾಯಚೂರಿನ ತವರಿಗೆ ಹೋಗುವವಳು ನನ್ನ ಸಹಧರ್ಮಿಣಿ. ವೈರಾಗ್ಯವನ್ನು ಇನ್ನೊಬ್ಬರ ಮೈಮೇಲೆ ಆಚರಿಸುವುದು ನ್ಯಾಯವಲ್ಲ.

ಪ್ರೊಪೇನ್, ಐಸೊಬ್ಯೂಟೇನುಗಳ ಮಿಶ್ರಣವನ್ನು ತುಂಬಿಸಿರೆಂದು ಕೆಲವರು ಹೇಳಿದರು. ಅದು ಅಗ್ಗ, ಹಳೆಯ ಎಣ್ಣೆಗೆ ಹೊಂದುವುದು, ತಂಪೂ ಚೆನ್ನು, ಭೂಮಿಯ ಕಾವಿಗೆ ಅದರಿಂದಾಗುವ ಕೇಡು ಅತ್ಯಲ್ಪ. ಆದರೆ ಅದು ಅಡುಗೆಮನೆಯ ಅನಿಲದ ಬಂಧು. ಗಾಡಿಯೊಳಗಣ ಸುರುಳಿ ಸೋರಿದರೆ ಕುಳಿತವರ ನಡುವೆಯೇ ತುಂಬಿಕೊಂಡು ಕಿಡಿಗಾಗಿ ಕಾದಿರುವುದು. ಕಾಣದ ಲೋಕದ ಹಿತಕ್ಕಾಗಿ, ಹಿಂದೆ ಕುಳಿತ ಮೊಮ್ಮಗುವನ್ನು ಒತ್ತೆಯಿಡಲಾರೆನು.

ಉಳಿದುದು ಆರ್-134ಎ. ಇದರಲ್ಲಿ ಕ್ಲೋರೀನಿಲ್ಲ, ಬೆಂಕಿಯ ಭಯವೂ ಇಲ್ಲ. ನಿರ್ದೋಷಿಯೆನ್ನುವಂತೆಯೂ ಇಲ್ಲ: ತೂಕಕ್ಕೆ ತೂಕ ನೋಡಿದರೆ ಇದು ಕಾವೇರಿಸುವುದು ಇಂಗಾಲದ ಡಯಾಕ್ಸೈಡಿನ ಸಾವಿರ ಪಟ್ಟಿಗೂ ಮಿಕ್ಕು. ಆದಕಾರಣ ಯಾವ ಅನಿಲವೆಂಬುದಕ್ಕಿಂತ, ಅದು ಕೊಳವೆಯೊಳಗೇ ಉಳಿಯುವುದೇ ಎಂಬುದು ದೊಡ್ಡ ಪ್ರಶ್ನೆಯಾಗಿ ನನಗೆ ತೋರಿತು. ಹಳೆಯ ಎಣ್ಣೆ ಇದಕ್ಕೆ ಬೆರೆಯದು. ಅದನ್ನು ತೆಗೆದು ಬೇರೆ ಎಣ್ಣೆ ಹಾಕಬೇಕು. ತೇವ ಹೀರುವ ಡಬ್ಬಿಯನ್ನೂ ರಬ್ಬರು ಬಳೆಗಳನ್ನೂ ಬದಲಿಸಬೇಕು. ಸೋರುವ ತಾಣವನ್ನು ಮೊದಲೇ ಹುಡುಕಿ ಮುಚ್ಚಬೇಕು. ಇಷ್ಟಾದರೂ ದಟ್ಟಣೆಯಲ್ಲಿ ಗಾಡಿ ನಿಂತಾಗ ತಂಪು ಮೊದಲಿನಷ್ಟಿರದಂತೆ. ಇರಲಿ.

ಹಳೆಯ ಅನಿಲವನ್ನು ಹೀರಿ ಸೆರೆಹಿಡಿಯುವ ಯಂತ್ರವಿರುವ ಅಂಗಡಿಯು ಊರಿಗೆ ದೂರ; ಖರ್ಚೂ ಹೆಚ್ಚು. ಮುಂದಿನ ವಾರ ಗಾಡಿಯನ್ನು ಅಲ್ಲಿಗೇ ಒಯ್ಯುವೆನು. ಹಿಡಿದುದನ್ನು ಆಮೇಲೆ ಏನು ಮಾಡುವಿರೆಂದು ವಿಚಾರಿಸಿದೆನು. “ಸಿಲಿಂಡರಿನಲ್ಲಿ ತುಂಬಿಟ್ಟಿರುತ್ತೇವೆ, ಮೇಷ್ಟ್ರೇ” ಎಂದರು. ಎಷ್ಟು ದಿನವೆಂದು ಕೇಳಿದೆನು. ಅದನ್ನು ಇದುವರೆಗೆ ಯಾರೂ ಕೇಳಿರಲಿಲ್ಲವಂತೆ.