ರಿಪೇರಿಯಾದ ಶಾಫ್ಟ್ ಹಳೆಯದೋ, ಹೊಸದೋ?

ಫೋರ್ ವೀಲ್ ಡ್ರೈವ್ ಜೀಪಿನಲ್ಲಿ ಎಂಜಿನ್ನಿನ ಬಲ ಗೇರ್ ಬಾಕ್ಸ್ ದಾಟಿ ಟ್ರಾನ್ಸ್‌ಫರ್ ಕೇಸಿಗೆ ಬರುತ್ತದೆ. ಅಲ್ಲಿಂದ ಎರಡು ಶಾಫ್ಟುಗಳು ಹೊರಡುತ್ತವೆ. ಒಂದು ಹಿಂದಿನ ಆಕ್ಸಲ್ಲಿಗೆ ಹೋದರೆ ಇನ್ನೊಂದು ಮುಂದಿನದಕ್ಕೆ ಹೋಗುತ್ತದೆ. ಮುಂದಿನ ಈ ಪ್ರೊಪೆಲ್ಲರ್ ಶಾಫ್ಟ್ ನೋಡಲು ಸರಳವಾದ ವಸ್ತು. ನಡುವೆ ಉಕ್ಕಿನ ಟೊಳ್ಳು ಕೊಳವೆ, ಎರಡೂ ತುದಿಯಲ್ಲಿ ಕವಲೊಡೆದ ಯೋಕ್, ಜೋಡಿ ಯೋಕುಗಳನ್ನು ಹಿಡಿದಿಡಲು ನಾಲ್ಕು ಕೈಗಳ ಕ್ರಾಸ್, ಆ ಒಂದೊಂದು ಕೈಗೂ ಸೂಜಿ ಬೇರಿಂಗ್ ತುಂಬಿದ ಒಂದು ಕಪ್. ಆಕ್ಸಲ್ ಮೇಲೆ ಕೆಳಗೆ ಆಡುವಾಗ ಉದ್ದ ಹೆಚ್ಚುಕಡಿಮೆ ಆಗಬೇಕಾದ್ದರಿಂದ ಒಂದು ಕಡೆ ಉದ್ದುದ್ದ ಹಲ್ಲುಗಳಿರುವ ಸ್ಲಿಪ್ ಜಾಯಿಂಟ್. ಇಷ್ಟೇ.

ಕೊಲ್ಲೂರು, ನಿಟ್ಟೂರು ಕಡೆಯಿಂದ ಕೊಡಚಾದ್ರಿ ಹತ್ತುವ ಜೀಪುಗಳಂಥವಕ್ಕೆ ಈ ಶಾಫ್ಟ್ ಹಾಳಾಗಲು ಹೆಚ್ಚು ಕಾರಣ ಬೇಕಿಲ್ಲ. ಕೊರಕಲಿನಲ್ಲಿ ಎದ್ದ ಕಲ್ಲು ಕೊಳವೆಗೆ ಬಡಿದು ತಗ್ಗು ಬೀಳುತ್ತದೆ. ಮಳೆಗಾಲದ ಕೆಸರುನೀರು ಸೀಲು ದಾಟಿ ಒಳಗೆ ಇಳಿದು ಗ್ರೀಸನ್ನು ಕೆಡಿಸುತ್ತದೆ, ಸೂಜಿಗಳು ತುಕ್ಕು ಹಿಡಿದು ಪುಡಿಯಾಗುತ್ತವೆ. ಮೊದಮೊದಲು ಮೆಲ್ಲಗೆ ಕೀರಲು ಸದ್ದು, ಆಮೇಲೆ ಮುಂದಕ್ಕೂ ಹಿಂದಕ್ಕೂ ಗೇರ್ ಬದಲಿಸುವಾಗ ಟಕ್ಕೆನ್ನುವ ಹೊಡೆತ, ಕೊನೆಗೆ ವೇಗದ ಜೊತೆಗೆ ಏರುವ ನಡುಕ. ರಿಪೇರಿಗೆ ಕೂತರೆ ಒಮ್ಮೆ ಕ್ರಾಸ್ ಬದಲಾಗುತ್ತದೆ, ಮತ್ತೊಮ್ಮೆ ಕೊಳವೆ, ಮುಂದೊಂದು ದಿನ ಸ್ಲಿಪ್ ಜಾಯಿಂಟ್. ಹೀಗೆ ಬದಲಾಗುತ್ತ ಹೋದ ಶಾಫ್ಟ್ ಅದೇ ಶಾಫ್ಟೋ, ಬೇರೆಯೋ?

ಪ್ರಶ್ನೆ ಗ್ಯಾರೇಜಿನದಾದರೂ ಭಾರತದ ದರ್ಶನಗಳು ಇದನ್ನು ಎರಡು ಸಾವಿರ ವರ್ಷಗಳಿಂದ ಬಹಳ ಗಂಭೀರವಾಗಿ ಚರ್ಚಿಸಿವೆ. ರಥದಂಥ ವಸ್ತುವಿನ ಬಗ್ಗೆ ಕೊಟ್ಟ ಉತ್ತರವೇ ಮನುಷ್ಯನಿಗೂ ಅನ್ವಯಿಸುತ್ತದೆ ಎಂಬುದು ಇದಕ್ಕೆ ಕಾರಣ. ದೇಹ ಬದಲಾಗುತ್ತದೆ, ಮನಸ್ಸು ಬದಲಾಗುತ್ತದೆ. ಹಾಗಿದ್ದರೆ ಕರ್ಮ ಮಾಡಿದವನೂ ಫಲ ಉಣ್ಣುವವನೂ ಒಬ್ಬನೇ ಎಂದು ಹೇಳುವುದು ಯಾವ ಆಧಾರದ ಮೇಲೆ? ಶಾಫ್ಟಿನ ರಿಪೇರಿಯನ್ನು ಹಂತಹಂತವಾಗಿ ನೋಡಿದರೆ ಈ ಹಳೆಯ ಉತ್ತರಗಳ ಬಲವೂ ಕೊರತೆಯೂ ಕಬ್ಬಿಣದಲ್ಲೇ ಕಾಣಿಸುತ್ತವೆ.

ಮೊದಲ ಹಂತ ಬಿಚ್ಚುವುದು. ಜೀಪನ್ನು ಸಮನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಅಡ್ಡ ಕೊಟ್ಟು, ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಎರಡೂ ತುದಿಯ ಬೋಲ್ಟ್ ತೆಗೆದರೆ ಶಾಫ್ಟ್ ಕೈಗೆ ಬರುತ್ತದೆ. ಬೇಕಾದಾಗ ಮಾತ್ರ ಮುಂದಿನ ಚಕ್ರಗಳಿಗೆ ಬಲ ಕೊಡುವ ಹಳೆಯ ಮಾದರಿಯ ಜೀಪಾದರೆ, ಬಿಚ್ಚಿದ ಶಾಫ್ಟನ್ನು ಹಿಂದೆ ಹಾಕಿಕೊಂಡು ಹಿಂದಿನ ಚಕ್ರಗಳ ಬಲದಿಂದಲೇ ಊರು ಸೇರಬಹುದು. ಘಾಟಿ ಹತ್ತುವುದಿಲ್ಲ, ಡಾಂಬರು ರಸ್ತೆಯಲ್ಲಿ ಓಡುತ್ತದೆ. ಅದನ್ನು ಕಂಡವರು ‘ಅದೇ ಜೀಪು ಬಂತು’ ಎನ್ನುತ್ತಾರೆ. 1988ರ ಮೋಟಾರು ವಾಹನ ಕಾಯ್ದೆಯೂ ಹೀಗೇ ಯೋಚಿಸುತ್ತದೆ. ಆರ್‌ಸಿಯಲ್ಲಿ ಚಾಸಿ ನಂಬರೂ ಎಂಜಿನ್ ನಂಬರೂ ಇರುತ್ತವೆ, ಶಾಫ್ಟಿನ ಸುದ್ದಿಯೇ ಇರುವುದಿಲ್ಲ.

ಆ ದರ್ಶನಗಳಲ್ಲೊಂದಾದ ವೈಶೇಷಿಕದವರು ಇದನ್ನು ಇಷ್ಟು ಸುಲಭವಾಗಿ ಒಪ್ಪುವವರಲ್ಲ. ಅವರ ಮತದಲ್ಲಿ ಅವಯವಗಳ ರಾಶಿ ಬೇರೆ, ಅವುಗಳಲ್ಲಿ ನೆಲೆಸಿರುವ ಅವಯವಿ ಎಂಬ ಇಡೀ ವಸ್ತು ಬೇರೆ. ನೂಲಿನ ರಾಶಿ ಬಟ್ಟೆಯಲ್ಲ, ಬಟ್ಟೆ ನೂಲುಗಳಲ್ಲಿ ಹುಟ್ಟುವ ಹೊಸ ವಸ್ತು. ಹದಿನೇಳನೆಯ ಶತಮಾನದ ಅನ್ನಂಭಟ್ಟನ ತರ್ಕಸಂಗ್ರಹ, ಕರ್ನಾಟಕದ ಸಂಸ್ಕೃತ ಪಾಠಶಾಲೆಗಳಲ್ಲಿ ಇಂದಿಗೂ ತರ್ಕಕ್ಕೆ ಪ್ರವೇಶವಾಗಿರುವ ಪುಸ್ತಕ, ಇದನ್ನು ಮೂರು ಕಾರಣಗಳಾಗಿ ಬಿಡಿಸುತ್ತದೆ. ನೂಲು ಸಮವಾಯಿ ಕಾರಣ, ನೂಲುಗಳ ಸಂಯೋಗ ಅಸಮವಾಯಿ ಕಾರಣ, ನೇಯುವವನೂ ಮಗ್ಗವೂ ನಿಮಿತ್ತ ಕಾರಣ. ಈ ಲೆಕ್ಕದಲ್ಲಿ ಕೊಳವೆ, ಯೋಕ್, ಕ್ರಾಸ್ ಸಮವಾಯಿ ಕಾರಣ. ಅವು ಕೂಡಿದ ರೀತಿ ಅಸಮವಾಯಿ. ಮೆಕ್ಯಾನಿಕ್, ವೈಸ್, ಸುತ್ತಿಗೆ ನಿಮಿತ್ತ. ಸಂಯೋಗ ಬಿಟ್ಟರೆ ಅವಯವಿ ನಾಶ. ಒಂದು ಎಳೆ ತೆಗೆದರೂ ಹಳೆಯ ಬಟ್ಟೆ ಹೋಯಿತು, ಉಳಿದ ಎಳೆಗಳಲ್ಲಿ ತುಂಡುಬಟ್ಟೆ ಎಂಬ ಹೊಸದೊಂದು ಹುಟ್ಟಿತು. ಅಂದಮೇಲೆ ಊರು ಸೇರಿದ್ದು ಘಾಟಿಯಲ್ಲಿ ನಿಂತ ಜೀಪಲ್ಲ, ಅದರ ಜಾಗದಲ್ಲಿ ಹುಟ್ಟಿದ ಇನ್ನೊಂದು. ‘ಇದು ಅದೇ’ ಎಂಬ ಗುರುತು ಹೋಲಿಕೆಯಿಂದ ಬಂದದ್ದು, ಕತ್ತರಿಸಿದ ಮೇಲೆ ಮತ್ತೆ ಬೆಳೆದ ಉಗುರನ್ನು ಅದೇ ಉಗುರು ಎಂದಂತೆ.

ಹೀಗೆ ಅತಿ ಸೂಕ್ಷ್ಮಕ್ಕೆ ಹೋದದ್ದು ವ್ಯರ್ಥವಲ್ಲ. ಸಂಯೋಗ ಎಂಬುದನ್ನು ಕಾರಣಗಳ ಸಾಲಿನಲ್ಲಿ ಕೂರಿಸಿದ್ದು ವೈಶೇಷಿಕರ ದೊಡ್ಡ ಕೊಡುಗೆ. ಅದರ ಬೆಲೆ ತಿಳಿಯುವುದು ಬಿಚ್ಚುವ ಮುನ್ನ ಮಾಡುವ ಒಂದು ಸಣ್ಣ ಕೆಲಸದಲ್ಲಿ.

ಬಿಚ್ಚುವ ಮೊದಲೇ ಪಳಗಿದ ಮೆಕ್ಯಾನಿಕ್ ಶಾಫ್ಟಿನ ಮಣ್ಣು ಒರೆಸಿ, ಯೋಕಿಗೂ ಅದು ಕೂರುವ ಫ್ಲೇಂಜಿಗೂ, ಸ್ಲಿಪ್ ಜಾಯಿಂಟಿನ ಎರಡೂ ಭಾಗಕ್ಕೂ ಸೆಂಟರ್ ಪಂಚಿನಿಂದ ಎದುರುಬದುರು ಚುಕ್ಕೆ ಹೊಡೆಯುತ್ತಾನೆ. ಈ ಚುಕ್ಕೆಗೆ ಕಾರಣ ಕ್ರಾಸ್ ಜಾಯಿಂಟಿನ ಸ್ವಭಾವದಲ್ಲೇ ಇದೆ. ಹದಿನೇಳನೆಯ ಶತಮಾನದ ಇಂಗ್ಲಿಷ್ ವಿಜ್ಞಾನಿ ರಾಬರ್ಟ್ ಹುಕ್‌ನ ಹೆಸರು ಹೊತ್ತ ಈ ಜಾಯಿಂಟ್ ಓರೆಯಾಗಿ ತಿರುಗುವಾಗ ವೇಗವನ್ನು ಒಂದೇ ಸಮನೆ ದಾಟಿಸುವುದಿಲ್ಲ. ಕೋನ 20 ಡಿಗ್ರಿ ಇದ್ದು ಒಂದು ಕಡೆ ನಿಮಿಷಕ್ಕೆ 1000 ಸುತ್ತು ಬಂದರೆ, ಇನ್ನೊಂದು ಕಡೆಯ ವೇಗ ಸುಮಾರು 940ಕ್ಕೆ ಇಳಿದು 1064ಕ್ಕೆ ಏರುತ್ತದೆ. ಪ್ರತಿ ಸುತ್ತಿನಲ್ಲೂ ಎರಡೆರಡು ಸಲ ಹೀಗಾಗುತ್ತದೆ. ಆದ್ದರಿಂದಲೇ ಶಾಫ್ಟಿಗೆ ಎರಡು ಜಾಯಿಂಟು. ಕೊಳವೆಯ ಎರಡು ತುದಿಯ ಯೋಕುಗಳು ಒಂದೇ ಮಟ್ಟದಲ್ಲಿದ್ದು ಎರಡೂ ಕೋನ ಸಮನಾಗಿದ್ದರೆ ಮೊದಲನೆಯದರ ಏರಿಳಿತವನ್ನು ಎರಡನೆಯದು ಸರಿದೂಗಿಸುತ್ತದೆ. ಸ್ಲಿಪ್ ಜಾಯಿಂಟನ್ನು ಒಂದು ಹಲ್ಲು ತಪ್ಪಿಸಿ ತೂರಿಸಿದರೂ ಆ ಹೊಂದಾಣಿಕೆ ಕೆಟ್ಟು, ಎಲ್ಲ ಭಾಗಗಳೂ ಗಟ್ಟಿಮುಟ್ಟಾಗಿರುವ ಶಾಫ್ಟ್ ನಡುಗತೊಡಗುತ್ತದೆ.

ಇಡೀ ಚರ್ಚೆಯ ತಿರುಳು ಇಲ್ಲಿದೆ. ಒಂದು ತುಣುಕೂ ಬದಲಾಗದೆ ಶಾಫ್ಟ್ ಕೆಡಬಹುದು. ತುಣುಕುಗಳು ಬದಲಾದರೂ ಚುಕ್ಕೆಗೆ ಚುಕ್ಕೆ ಕೂಡಿದರೆ ಮೊದಲಿನಂತೆಯೇ ಓಡಬಹುದು. ಹಾಗಾದರೆ ಶಾಫ್ಟನ್ನು ಶಾಫ್ಟಾಗಿಸಿರುವುದು ಲೋಹಕ್ಕಿಂತ ಹೆಚ್ಚಾಗಿ ಹೊಂದಿಕೆ. ಬಿಚ್ಚಿದ ಹೊತ್ತಿನಲ್ಲಿ ವೈಶೇಷಿಕರು ಹೇಳುವ ಸಂಯೋಗ ಇಲ್ಲ, ನಿಜ. ಆದರೆ ಅದು ಪೂರ್ತಿ ಅಳಿದುಹೋಗಿಯೂ ಇಲ್ಲ. ಮತ್ತೆ ಕೂಡಬೇಕಾದ ರೀತಿ ಆ ಚುಕ್ಕೆಗಳಲ್ಲಿ ದಾಖಲಾಗಿದೆ. ನಾಶ ಮತ್ತು ಹುಟ್ಟು ಎಂಬ ಎರಡೇ ಮಾತಿನಲ್ಲಿ ರಿಪೇರಿಯನ್ನು ಹೇಳಲಾಗದು ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ಬೌದ್ಧರು ಅವಯವಿ ಎಂಬುದನ್ನೇ ಒಪ್ಪುವುದಿಲ್ಲ. ಸಂಯುತ್ತ ನಿಕಾಯದಲ್ಲಿ ವಜಿರಾ ಎಂಬ ಭಿಕ್ಷುಣಿ, ಭಾಗಗಳು ಕೂಡಿದಾಗ ರಥ ಎನ್ನುವಂತೆ ದೇಹ ಮನಸ್ಸುಗಳ ಅಂಶಗಳಾದ ಸ್ಕಂಧಗಳು ಕೂಡಿದಾಗ ಜೀವಿ ಎನ್ನುತ್ತೇವೆ, ಅದಕ್ಕಿಂತ ಹೆಚ್ಚಿನದೇನೂ ಇಲ್ಲ ಎಂದು ತನ್ನನ್ನು ದಾರಿ ತಪ್ಪಿಸಲು ಬಂದ ಮಾರನಿಗೆ ಉತ್ತರಿಸುತ್ತಾಳೆ. ಇದೇ ವಿಚಾರ ಮಿಲಿಂದಪಞ್ಹದಲ್ಲಿ ವಿಸ್ತಾರವಾಗಿ ಬರುತ್ತದೆ. ರಥದಲ್ಲಿ ಬಂದ ಯವನ ರಾಜ ಮಿಲಿಂದನನ್ನು ನಾಗಸೇನ ಭಿಕ್ಷು ಒಂದೊಂದಾಗಿ ಕೇಳುತ್ತಾನೆ: ಅಚ್ಚು ರಥವೋ? ಚಕ್ರವೋ? ನೊಗವೋ? ಎಲ್ಲ ಸೇರಿದ್ದೋ? ಇವನ್ನು ಬಿಟ್ಟು ಬೇರೆಯದೋ? ಎಲ್ಲಕ್ಕೂ ಅಲ್ಲ ಎಂಬುದೇ ಉತ್ತರ. ಭಾಗಗಳನ್ನು ಅವಲಂಬಿಸಿ ವ್ಯವಹಾರಕ್ಕಾಗಿ ಇಟ್ಟ ಹೆಸರು ರಥ. ಸತ್ತು ಹುಟ್ಟುವವನು ಅವನೇ ಅಲ್ಲ, ಬೇರೆಯವನೂ ಅಲ್ಲ ಎಂಬ ನಾಗಸೇನನ ಇನ್ನೊಂದು ಉತ್ತರ ಈ ನೆಲೆಯ ಮೇಲೆಯೇ ನಿಂತಿದೆ. ಬದಲಾವಣೆಯ ಸರಣಿ ಕಡಿಯದೆ ಸಾಗಿದರೆ ಕರ್ಮದ ಹೊಣೆಯೂ ಕಡಿಯುವುದಿಲ್ಲ.

ಈ ವಾದದ ಹಿರಿಮೆ ಅದು ಕೊಡುವ ಬಿಡುಗಡೆಯಲ್ಲಿದೆ. ವಸ್ತುವಿನೊಳಗೆ ಕದಲದ ತಿರುಳೊಂದನ್ನು ಹುಡುಕುವ ಹಟ ಬಿಟ್ಟರೆ ಬದಲಾವಣೆಗೆ ಹೆದರಬೇಕಾಗಿಲ್ಲ. ಆದರೆ ಒಂದು ಹಲ್ಲು ತಪ್ಪಿ ಕೂಡಿದ ಶಾಫ್ಟಿಗೂ ಸರಿಯಾಗಿ ಕೂಡಿದ ಶಾಫ್ಟಿಗೂ ಹೆಸರು ಒಂದೇ, ಭಾಗಗಳೂ ಅವೇ. ಅವೆರಡರ ನಡುವಿನ ಅಂತರ ಹೆಸರಿಡುವವರ ಕೈಯಲ್ಲಿಲ್ಲ, ಸ್ಟೇರಿಂಗ್ ಹಿಡಿದವನ ಕೈಗೆ ನಡುಕವಾಗಿ ತಾಗುತ್ತದೆ. ಅವಲಂಬನೆ ಎಂಬ ಬೌದ್ಧರ ಮಾತನ್ನು ಸರಿಯಾಗಿ ಹಿಡಿದರೆ ಇದಕ್ಕೂ ಅಲ್ಲಿ ಜಾಗವಿದೆ. ಬರೀ ಹೆಸರು ಎಂದು ಹಗುರ ಮಾಡಿ ಹೇಳುವವರು ನಾಗಸೇನನಿಗೆ ನ್ಯಾಯ ಮಾಡುವುದಿಲ್ಲ.

ಎರಡನೆಯ ಹಂತ ಕ್ರಾಸ್ ಬದಲಿಸುವುದು. ಸರ್ಕ್ಲಿಪ್ ತೆಗೆದು, ಶಾಫ್ಟನ್ನು ವೈಸಿನಲ್ಲಿ ಹಿಡಿದು, ಒಂದು ಕಪ್ಪನ್ನು ಒಳಕ್ಕೆ ಒತ್ತಿದರೆ ಎದುರಿನದು ಹೊರಬರುತ್ತದೆ. ಯೋಕಿನ ತೂತುಗಳನ್ನು ಒರೆಸಿ, ಗೀರು ಬಿದ್ದಿದೆಯೋ, ಸವೆದು ಅಗಲವಾಗಿದೆಯೋ ಎಂದು ನೋಡಬೇಕು. ಅಗಲವಾಗಿದ್ದರೆ ಹೊಸ ಕ್ರಾಸ್ ಹಾಕಿ ಫಲವಿಲ್ಲ. ಹೊಸ ಕಪ್ಪಿನ ಒಳಗೋಡೆಗೆ ಸೂಜಿಗಳು ಗ್ರೀಸಿನ ಅಂಟಿನಿಂದ ನಿಂತಿರುತ್ತವೆ. ಕಪ್ಪನ್ನು ಓರೆಯಾಗಿ ಹೊಡೆದರೆ ಒಂದು ಸೂಜಿ ಕಳಚಿ ತಳದಲ್ಲಿ ಅಡ್ಡ ಬೀಳುತ್ತದೆ. ಹೊರಗಿಂದ ಏನೂ ಕಾಣಿಸುವುದಿಲ್ಲ, ಸರ್ಕ್ಲಿಪ್ ಮಾತ್ರ ತನ್ನ ಕಚ್ಚಿಗೆ ಇಳಿಯದೆ ಕೂದಲೆಳೆಯಷ್ಟು ಹೊರಗೇ ನಿಲ್ಲುತ್ತದೆ. ಅವಸರಗಾರ ಸುತ್ತಿಗೆ ಎತ್ತುತ್ತಾನೆ. ಕೆಲಸ ಬಲ್ಲವನು ಕಪ್ಪನ್ನು ಮತ್ತೆ ತೆಗೆದು ಸೂಜಿಯನ್ನು ಅದರ ಸಾಲಿಗೆ ನಿಲ್ಲಿಸುತ್ತಾನೆ. ಎಲ್ಲ ಸರಿಯಾದ ಮೇಲೆ ನಿಪ್ಪಲ್‌ನಿಂದ ಗ್ರೀಸ್ ತುಂಬಿ, ನಾಲ್ಕೂ ಸೀಲಿನ ಅಂಚಿನಲ್ಲಿ ಅದು ಇಣುಕುವವರೆಗೆ ಒತ್ತುತ್ತಾನೆ. ಹಳೆಯ ಯೋಕ್ ಹೊಸ ಕ್ರಾಸಿನ ಅಳತೆಯನ್ನು ಪರೀಕ್ಷಿಸಿ ಒಳಗೆ ಬಿಟ್ಟುಕೊಂಡಿತು ಎಂದರೂ ತಪ್ಪಾಗದು. ಉಳಿದದ್ದು ಬಂದದ್ದಕ್ಕೆ ಅಳತೆಗೋಲಾಗುವುದೇ ರಿಪೇರಿಯ ಲಕ್ಷಣ.

ಜೈನ ದರ್ಶನ ಈ ಅನುಭವಕ್ಕೆ ಹೆಚ್ಚು ಹತ್ತಿರ ಬರುತ್ತದೆ. ಹುಟ್ಟು, ಅಳಿವು, ಉಳಿವು ಮೂರೂ ಕೂಡಿದ್ದೇ ಸತ್, ಅಂದರೆ ಇರುವ ವಸ್ತು, ಎಂಬುದು ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ನಿಲುವು. ಸಮಂತಭದ್ರನ ಆಪ್ತಮೀಮಾಂಸೆಯಲ್ಲಿ ಇದಕ್ಕೊಂದು ಸುಂದರ ನಿದರ್ಶನವಿದೆ. ಚಿನ್ನದ ಕೊಡವನ್ನು ಕರಗಿಸಿ ಕಿರೀಟ ಮಾಡಿದರೆ ಕೊಡ ಬಯಸಿದವನು ದುಃಖಪಡುತ್ತಾನೆ, ಕಿರೀಟ ಬಯಸಿದವನು ಹಿಗ್ಗುತ್ತಾನೆ, ಚಿನ್ನ ಬಯಸಿದವನಿಗೆ ಎರಡೂ ಇಲ್ಲ. ಮೂವರ ಭಾವಕ್ಕೂ ವಸ್ತುವಿನಲ್ಲೇ ಕಾರಣವಿದೆ. ಶಾಫ್ಟಿನಲ್ಲೂ ಹಳೆಯ ಕ್ರಾಸಿನ ಅಳಿವು, ಹೊಸದರ ಹುಟ್ಟು, ಶಾಫ್ಟಿನ ಉಳಿವು ಒಟ್ಟಿಗೇ ನಡೆಯುತ್ತವೆ, ಮೂರರಲ್ಲಿ ಯಾವುದನ್ನೂ ಸುಳ್ಳೆನ್ನಬೇಕಿಲ್ಲ. ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಕೊಡ ಕಿರೀಟವಾದಾಗ ಚಿನ್ನ ಉಳಿಯಿತು, ಆಕಾರ ಹೋಯಿತು. ಶಾಫ್ಟಿನಲ್ಲಿ ಲೋಹ ಹೋಗಿ ಆಕಾರ ಉಳಿಯುತ್ತದೆ. ಉಳಿಯುವುದು ಯಾವಾಗಲೂ ದ್ರವ್ಯವೇ ಆಗಬೇಕು ಎಂಬ ನಿಯಮಕ್ಕೆ ರಿಪೇರಿ ಸುಲಭವಾಗಿ ಬಗ್ಗುವುದಿಲ್ಲ.

ದೇವಾಲಯಗಳ ಜೀರ್ಣೋದ್ಧಾರದಲ್ಲಿ ಇನ್ನೊಂದು ಬಗೆಯ ಉತ್ತರ ಸಿಗುತ್ತದೆ. ಗರ್ಭಗುಡಿಯ ಕೆಲಸ ಹಿಡಿಯುವ ಮೊದಲು ದೇವರ ಅಪ್ಪಣೆ ಕೇಳಿ, ಸಾನ್ನಿಧ್ಯವನ್ನು ಕಲಶಕ್ಕೆ ಆವಾಹಿಸಿ, ಬಾಲಾಲಯ ಎಂಬ ತಾತ್ಕಾಲಿಕ ಗುಡಿಯಲ್ಲಿ ಪೂಜೆ ನಡೆಸುತ್ತಾರೆ. ಕೆಲಸ ಮುಗಿದ ಮೇಲೆ ಪುನಃಪ್ರತಿಷ್ಠೆ. ಕರಾವಳಿಯಲ್ಲಿ ಬ್ರಹ್ಮಕಲಶೋತ್ಸವದ ಸಂಭ್ರಮ. ಪುರಿಯ ಜಗನ್ನಾಥನ ಮರದ ವಿಗ್ರಹಗಳೇ ನವಕಳೇಬರದಲ್ಲಿ ಬದಲಾಗುತ್ತವೆ. 2015ರಲ್ಲಿ ಹಾಗೆ ಬದಲಾದಾಗಲೂ ಹಳೆಯ ಮೂರ್ತಿಯೊಳಗಿನ ಬ್ರಹ್ಮಪದಾರ್ಥವನ್ನು ಹೊಸದಕ್ಕೆ ಗುಟ್ಟಾಗಿ ಸಾಗಿಸಲಾಯಿತು. ಕಲ್ಲು ಮರಗಳು ಬದಲಾಗಲಿ, ಸಾಗಿಬರಬೇಕಾದ್ದು ತಪ್ಪದೆ ಸಾಗಿಬಂದರೆ ಅದೇ ದೇವರು, ಅದೇ ಗುಡಿ. ಶಾಫ್ಟಿಗೆ ಸಾನ್ನಿಧ್ಯವಿಲ್ಲ, ಹೋಲಿಕೆಯನ್ನು ಅಲ್ಲಿಯವರೆಗೆ ಎಳೆಯುವುದು ಸಲ್ಲದು. ಆದರೂ ಬಿಚ್ಚುವ ಮುನ್ನವೇ ಏನನ್ನು ಕಾಪಾಡಬೇಕೆಂದು ತೀರ್ಮಾನಿಸಿ, ಅದನ್ನು ಬೇರೆಡೆ ಜೋಪಾನವಾಗಿಟ್ಟು ಮುಂದುವರಿಯುವ ಕ್ರಮ ಎರಡರಲ್ಲೂ ಇದೆ. ಕೆಡವಿದ ಮೇಲೆ ಯೋಚಿಸುವುದು ಎರಡು ಕಡೆಯೂ ಅಪಚಾರ.

ಕೊನೆಯ ಹಂತ ಕೊಳವೆಯದು. ತಗ್ಗು ಬಿದ್ದ ಕೊಳವೆ ಬಡಿದು ನೆಟ್ಟಗಾಗುವುದಿಲ್ಲ. ಲೇತಿನಲ್ಲಿ ಕೂರಿಸಿ ತಿರುಗಿಸಿ, ಡಯಲ್ ಗೇಜ್ ಹಿಡಿದು ಎಷ್ಟು ಓಲಾಡುತ್ತದೆ ಎಂದು ನೋಡಿ, ಮಿತಿ ಮೀರಿದ್ದರೆ ಬೆಸುಗೆ ಕತ್ತರಿಸಿ, ಅದೇ ವ್ಯಾಸ ಅದೇ ದಪ್ಪದ ಹೊಸ ಕೊಳವೆ ಹಾಕಬೇಕು. ಮೊದಲು ಅಲ್ಲಲ್ಲಿ ಚುಕ್ಕೆ ಬೆಸುಗೆ, ಯೋಕುಗಳು ಒಂದೇ ಮಟ್ಟದಲ್ಲಿವೆ ಎಂದು ಖಾತ್ರಿಯಾದ ಮೇಲೆ ಪೂರ್ತಿ ಬೆಸುಗೆ, ಆಮೇಲೆ ಬ್ಯಾಲೆನ್ಸಿಂಗ್. ಇಲ್ಲಿಗೆ ಕ್ರಾಸ್ ಹೊಸದು, ಕೊಳವೆ ಹೊಸದು. ಯೋಕುಗಳೂ ಬದಲಾದರೆ? ಫ್ಲೇಂಜಿನಿಂದ ಫ್ಲೇಂಜಿಗೆ ಇಡೀ ಶಾಫ್ಟನ್ನೇ ಅಂಗಡಿಯಿಂದ ತಂದು ಒಂದೇ ಸಲಕ್ಕೆ ಹಾಕಿದರೆ ಅದು ಬದಲಿ ಶಾಫ್ಟ್, ರಿಪೇರಿಯಲ್ಲ. ಅಲ್ಲಿ ಹಳೆಯ ತುಣುಕು ಯಾವುದೂ ಹೊಸದನ್ನು ಅಳೆಯಲಿಲ್ಲ. ವರ್ಷಗಳ ಅಂತರದಲ್ಲಿ ಒಂದೊಂದಾಗಿ ಬದಲಾಗಿದ್ದರೆ ಪ್ರತಿ ಸಲವೂ ಉಳಿದ ಭಾಗ ಬಂದ ಭಾಗವನ್ನು ಅಳೆದಿರುತ್ತದೆ, ಆದ್ದರಿಂದ ಅದು ಅದೇ ಶಾಫ್ಟ್.

ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದ ಥೀಸಿಯಸ್‌ನ ಹಡಗಿನ ಕತೆಗೂ ಇದೇ ಉತ್ತರ ಸಾಕು. ಅಥೆನ್ಸಿನವರು ಕೊಳೆತ ಹಲಗೆ ತೆಗೆದು ಹೊಸದು ಹಾಕುತ್ತ ಆ ಹಡಗನ್ನು ಕಾಪಾಡಿಕೊಂಡು ಬಂದರು. 1655ರಲ್ಲಿ ಥಾಮಸ್ ಹಾಬ್ಸ್ ಇದನ್ನು ಕಠಿಣ ಮಾಡಿದ. ತೆಗೆದ ಹಲಗೆಗಳನ್ನೆಲ್ಲ ಯಾರೋ ಕೂಡಿಟ್ಟು ಅದೇ ಕ್ರಮದಲ್ಲಿ ಜೋಡಿಸಿದರೆ ಎರಡರಲ್ಲಿ ಯಾವುದು ಥೀಸಿಯಸ್‌ನ ಹಡಗು? ಲೇತ್ ಅಂಗಡಿಯ ಮೂಲೆಯಲ್ಲಿ ಬಿದ್ದ ಹಳೆಯ ಯೋಕ್, ಕೊಳವೆ, ಕ್ರಾಸುಗಳನ್ನು ದುರಸ್ತಿ ಮಾಡಿ ಕೂಡಿಸಿದರೂ ಎರಡನೆಯ ಶಾಫ್ಟೊಂದು ಎದ್ದು ನಿಲ್ಲುತ್ತದೆ. ಲೋಹವನ್ನೇ ಕೇಳಿದರೆ ಹಳೆಯದು ಅದೇ. ಹೊಂದಿಕೆಯನ್ನು ಕೇಳಿದರೆ, ಈ ಟ್ರಾನ್ಸ್‌ಫರ್ ಕೇಸಿಗೂ ಈ ಆಕ್ಸಲ್ಲಿಗೂ ನಡುವೆ, ಈ ಕೋನದಲ್ಲಿ, ಎಡೆಬಿಡದೆ ಸರಿಹೊಂದಿಕೊಂಡು ಬಂದದ್ದು ಜೀಪಿನಡಿ ಇರುವ ಶಾಫ್ಟ್. ಮೂಲೆಯ ಶಾಫ್ಟ್ ಸದ್ಯಕ್ಕೆ ಯಾವ ಜೀಪಿಗೂ ಹೊಂದಿದ್ದಲ್ಲ. ಅದನ್ನು ಬೇರೊಂದು ಜೀಪಿಗೆ ಹಾಕುವುದಾದರೆ ಉದ್ದ, ಕೋನ, ಬ್ಯಾಲೆನ್ಸ್ ಎಲ್ಲವನ್ನೂ ಆ ಜೀಪಿನಡಿ ಮಲಗಿ ಮೊದಲಿನಿಂದ ನೋಡಬೇಕಾಗುತ್ತದೆ.