ತಿದ್ದಿದ ಜನ್ಮದಿನಾಂಕ ಮತ್ತು ಅಚೌರ್ಯ

ತುಮಕೂರಿನ ಸಮೀಪದ ವಸಂತನರಸಾಪುರ ಇಂದು ಕೈಗಾರಿಕೆಗಳ ನೆಲೆ. 2014ರ ಸೆಪ್ಟೆಂಬರ್ ತಿಂಗಳಿನಲ್ಲಿ ಅಲ್ಲಿ ಆಹಾರ ಸಂಸ್ಕರಣೆಯ ಫುಡ್ ಪಾರ್ಕ್ ಉದ್ಘಾಟನೆಗೊಂಡಿತು. ಇಂತಹ ಊರಿನಲ್ಲಿ ಸರಕು ಯಾವುದೇ ಇರಲಿ, ಲಾರಿಯು ತೂಕಕ್ಕೆ ನಿಂತ ಮೇಲೆಯೇ ಮುಂದಿನ ಲೆಕ್ಕ. ತೂಕದಲ್ಲಿ ಮೋಸ ಮಾಡುವವನೆಂದು ಒಮ್ಮೆ ಹೆಸರಾದ ವರ್ತಕನೊಡನೆ ಮರುದಿನದಿಂದ ಯಾರೂ ವ್ಯವಹರಿಸಲಾರರು. ಆದರೆ ಅಂತಹುದೇ ಊರಿನ ಬಯಲಿನಲ್ಲಿ ಕ್ರಿಕೆಟ್ ಆಡುವ ಬಾಲಕನ ವಿಷಯಕ್ಕೆ ಬಂದಾಗ, ತೂಕದಲ್ಲಿ ಒಂದು ಗುಲಗಂಜಿಯಷ್ಟು ವ್ಯತ್ಯಾಸವನ್ನೂ ಸಹಿಸದ ಗೃಹಸ್ಥನು, “ವಯಸ್ಸನ್ನು ಒಂದೆರಡು ವರ್ಷ ಕಡಿಮೆ ಬರೆಸಿದರೆ ಏನು ಹಾನಿ? ಮಗುವಿನ ಭವಿಷ್ಯಕ್ಕಾಗಿ ಅಲ್ಲವೆ?” ಎಂದು ಕೇಳುವುದುಂಟು. ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಕೇಳುವವನು ದುಷ್ಟನಲ್ಲ, ಮಗನ ಮೇಲಿನ ವಾತ್ಸಲ್ಯದಿಂದ ಕೇಳುತ್ತಾನೆ. ಆದುದರಿಂದಲೇ ಅದರ ಪರಾಮರ್ಶೆ ಅಗತ್ಯವಾಗಿದೆ.

ಕಿರಿಯರ ಕ್ರಿಕೆಟ್ಟಿನ ಅತ್ಯುನ್ನತ ಅಂತಾರಾಷ್ಟ್ರೀಯ ಪಂದ್ಯಾವಳಿಯೆಂದರೆ 19 ವರ್ಷದೊಳಗಿನವರ ವಿಶ್ವಕಪ್. 1988ರಲ್ಲಿ ಆಸ್ಟ್ರೇಲಿಯದಲ್ಲಿ ಮೊದಲ ಬಾರಿಗೆ ನಡೆದ ಇದು 1998ರಿಂದ ಎರಡು ವರ್ಷಗಳಿಗೊಮ್ಮೆ ನಡೆಯುತ್ತ ಬಂದಿದೆ. ಭಾರತದ ಬಾಲಕರು 2000ದಲ್ಲಿ ಮೊದಲ ಸಲ ಗೆದ್ದರು. 2008, 2012, 2018 ಮತ್ತು 2022ರಲ್ಲಿಯೂ ವಿಜಯಿಗಳಾದರು. ಕರ್ನಾಟಕದ ಮನೀಶ್ ಪಾಂಡೆ 2008ರ ತಂಡದಲ್ಲಿ, ಕೆ. ಎಲ್. ರಾಹುಲ್ ಮತ್ತು ಮಯಂಕ್ ಅಗರ್ವಾಲ್ 2010ರ ತಂಡದಲ್ಲಿ ಆಡಿ ಮುಂದೆ ಹಿರಿಯರ ತಂಡವನ್ನು ಸೇರಿದರು. ತುಮಕೂರು ಜಿಲ್ಲೆಯ ಹುಡುಗನಿಗೂ ಈ ದಾರಿ ತೆರೆದಿದೆ. ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ತುಮಕೂರು ವಲಯದಿಂದ ರಾಜ್ಯದ ಕಿರಿಯರ ತಂಡಕ್ಕೆ, ಅಲ್ಲಿಂದ ವಿಜಯ್ ಮರ್ಚೆಂಟ್ ಟ್ರೋಫಿ, ಕೂಚ್ ಬೆಹಾರ್ ಟ್ರೋಫಿಗಳ ಮೂಲಕ ರಾಷ್ಟ್ರದ ತಂಡಕ್ಕೆ ಏರಬೇಕು. ಈ ಏಣಿಯ ಪ್ರತಿಯೊಂದು ಮೆಟ್ಟಿಲಿನಲ್ಲಿಯೂ ವಯಸ್ಸೇ ಅಳತೆಗೋಲು. ವಿಶ್ವಕಪ್ಪಿನಲ್ಲಿ ಆಡುವವನಿಗೆ ಪಂದ್ಯಾವಳಿಯ ಹಿಂದಿನ ಆಗಸ್ಟ್ 31ರಂದು 19 ವರ್ಷ ತುಂಬಿರಬಾರದು. ಒಂದು ದಿನದ ಅಂತರವೂ ಒಬ್ಬನನ್ನು ಒಳಗೆ, ಇನ್ನೊಬ್ಬನನ್ನು ಹೊರಗೆ ಇಡುತ್ತದೆ. ಹೀಗಿರುವಲ್ಲಿ ದಿನಾಂಕವನ್ನು ತಿದ್ದುವ ಆಸೆ ಹುಟ್ಟುವುದು ಆಶ್ಚರ್ಯವಲ್ಲ.

ಈ ವಿಷಯವನ್ನು ಬಹಿರಂಗವಾಗಿ ಎತ್ತಿ ಆಡಿದವರು ಬೆಂಗಳೂರಿನ ರಾಹುಲ್ ದ್ರಾವಿಡ್. ಅವರು ಭಾರತದ ಕಿರಿಯರ ತಂಡದ ತರಬೇತುದಾರರಾಗಿದ್ದಾಗ, 2015ರ ಡಿಸೆಂಬರ್ 1ರಂದು ದೆಹಲಿಯಲ್ಲಿ ಪಟೌಡಿ ಸ್ಮಾರಕ ಉಪನ್ಯಾಸವನ್ನು ನೀಡುತ್ತ, ವಯಸ್ಸಿನ ವಂಚನೆಯನ್ನು ಪಂದ್ಯ ನಿಗದಿ ಮತ್ತು ಭ್ರಷ್ಟಾಚಾರಗಳ ಸಾಲಿನಲ್ಲಿಯೇ ಇರಿಸಿದರು. ಅವರ ವಾದದಲ್ಲಿ ಎರಡು ಅಂಶಗಳು ಗಮನಾರ್ಹ. ವಯಸ್ಸು ಮರೆಸಿದವನು ಗೆಲ್ಲುವುದು ಹೆಚ್ಚಿನ ಪ್ರತಿಭೆಯಿಂದಲ್ಲ, ದೊಡ್ಡ ಮೈಯಿಂದ. ಅವನಿಂದ ಸ್ಥಾನ ಕಳೆದುಕೊಂಡ ಪ್ರಾಮಾಣಿಕ ಬಾಲಕನು ನಿರಾಶನಾಗಿ ಆಟವನ್ನೇ ಬಿಡಬಹುದು ಎಂಬುದು ಮೊದಲನೆಯದು. ತಂದೆತಾಯಿಯರೂ ಗುರುವೂ ಸೇರಿ ಸುಳ್ಳು ಪತ್ರ ಸೃಷ್ಟಿಸುವುದನ್ನು ಕಂಡ ಮಗು ಮೋಸದ ಮೊದಲ ಪಾಠವನ್ನು ಅವರಿಂದಲೇ ಕಲಿಯುತ್ತದೆ ಎಂಬುದು ಎರಡನೆಯದು.

ಈ ಎರಡು ಅಂಶಗಳು ಶ್ರಾವಕಾಚಾರದ ಎರಡು ಅಣುವ್ರತಗಳನ್ನು ನೇರವಾಗಿ ಮುಟ್ಟುತ್ತವೆ. ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ ಒಂದು. ಸುಳ್ಳು ಬರಹವನ್ನು ಹುಟ್ಟಿಸುವುದು ಎಂದು ಅದರ ಅರ್ಥ. ತಿದ್ದಿದ ಜನ್ಮಪತ್ರಕ್ಕೆ ಇದಕ್ಕಿಂತ ಸರಿಹೊಂದುವ ಹೆಸರಿಲ್ಲ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನ ಒಂದು; ಕೊಡುವಾಗ ಕಡಿಮೆಯ ಅಳತೆಯನ್ನೂ ಕೊಳ್ಳುವಾಗ ಹೆಚ್ಚಿನ ಅಳತೆಯನ್ನೂ ಬಳಸುವುದು ಅದರ ಲಕ್ಷಣ. ವಯಸ್ಸೂ ಒಂದು ಅಳತೆಯೇ. ಹದಿನೆಂಟರ ಮೈಬಲವನ್ನು ಹದಿನಾರರ ತಕ್ಕಡಿಯಲ್ಲಿ ತೂಗಿಸುವವನು ಅಂಗಡಿಯಲ್ಲಿ ಕಳ್ಳತೂಕ ಇಟ್ಟವನಿಗಿಂತ ಹೇಗೆ ಭಿನ್ನನಾದಾನು? ಅಂಗಡಿಯಲ್ಲಿ ಗ್ರಾಹಕನು ಎದುರಿಗಿರುತ್ತಾನೆ, ಅನುಮಾನ ಬಂದರೆ ಪ್ರಶ್ನಿಸಬಲ್ಲನು. ಇಲ್ಲಿ ಮೋಸಹೋದವನು ಮತ್ತಾವುದೋ ತಾಲ್ಲೂಕಿನ ಅಪರಿಚಿತ ಬಾಲಕ. ತನ್ನ ಸ್ಥಾನ ಏಕೆ ಹೋಯಿತೆಂದು ಅವನಿಗೆ ಎಂದೂ ತಿಳಿಯದು. ವಿಶ್ವಕಪ್ಪಿನ ತಂಡದಲ್ಲಿ ಇರುವುದು ಹದಿನೈದೇ ಸ್ಥಾನ. ಅಲ್ಲಿ ಅನ್ಯಾಯವಾಗಿ ಒಬ್ಬನು ಸೇರಿದನೆಂದರೆ ನ್ಯಾಯವಾಗಿ ಸೇರಬೇಕಾದ ಒಬ್ಬನು ಹೊರಗುಳಿದನೆಂದೇ ಅರ್ಥ. ಕೊಡದುದನ್ನು ತೆಗೆದುಕೊಳ್ಳುವುದೇ ಕಳವು ಎಂದ ಮೇಲೆ, ಇದನ್ನು ಬರಿಯ ಸುಳ್ಳೆಂದು ಕರೆದರೆ ಸಾಲದು.

ಈ ದೋಷ ಯಾರದು? ಹನ್ನೆರಡರ ಬಾಲಕನು ತಾನಾಗಿ ಕಚೇರಿಗೆ ಹೋಗಿ ದಿನಾಂಕ ತಿದ್ದಿಸಲಾರನು. ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಗೆಯ ಹೊಣೆಯನ್ನು ಧರ್ಮವು ಹೇಳುತ್ತದೆ. ಪತ್ರ ಬರೆದವನು ಮಾಡಿದವನು. ಬರೆಸಿದ ತಂದೆ ಮಾಡಿಸಿದವನು. ಗೊತ್ತಿದ್ದೂ ಆಡಿಸಿದ ತರಬೇತುದಾರನು ಒಪ್ಪಿದವನು. ಬಾಲಕನು ಆರಂಭದಲ್ಲಿ ನಿರ್ದೋಷಿ. ಆದರೆ ಅವನು ಬೆಳೆಯುತ್ತಾನೆ; ಒಂದು ದಿನ ತನ್ನ ನಿಜವಾದ ವಯಸ್ಸನ್ನು ಅರಿತೂ ಸುಳ್ಳು ದಿನಾಂಕದ ಕೆಳಗೆ ತನ್ನ ಕೈಯಿಂದಲೇ ಸಹಿ ಹಾಕುತ್ತಾನೆ. ತಂದೆಯ ದೋಷವು ಅಂದು ಮಗನದಾಗುತ್ತದೆ. ಮಗನಿಗೆ ಸುಖವನ್ನು ಕೊಡಹೊರಟ ತಂದೆಯು ಅವನಿಗೆ ತನ್ನ ಸಾಲವನ್ನು ವರ್ಗಾಯಿಸಿದಂತಾಯಿತು.

ಇಲ್ಲಿ ಕೆಲವು ಆಕ್ಷೇಪಗಳು ಬರುತ್ತವೆ. ಹಳ್ಳಿಗಳಲ್ಲಿ ಹಿಂದೆ ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿನಿಂದ ಜೂನ್ 1 ಎಂದು ಬರೆದುಕೊಂಡ ಜನ್ಮದಿನಾಂಕಗಳು ಅಸಂಖ್ಯ, ಅವರೆಲ್ಲರೂ ಅಸತ್ಯವಾದಿಗಳೆ? ಅಲ್ಲ. ಅಲ್ಲಿ ಅಜ್ಞಾನವಿತ್ತು, ಲಾಭದ ಉದ್ದೇಶವಿರಲಿಲ್ಲ. ಕ್ರಿಯೆ ಒಂದೇ ರೀತಿ ತೋರಿದರೂ ಭಾವ ಬೇರೆಯಾದಾಗ ಬಂಧ ಬೇರೆ. ಲೋಭವೆಂಬ ಕಷಾಯದಿಂದ ಪ್ರೇರಿತವಾಗಿ ತಿಳಿದೂ ತಿದ್ದಿದ ದಿನಾಂಕಕ್ಕೆ ಈ ರಿಯಾಯಿತಿ ಇಲ್ಲ. ಮೇಲಾಗಿ 1969ರ ಜನನ ಮರಣ ನೋಂದಣಿ ಅಧಿನಿಯಮಕ್ಕೆ ಮಾಡಿದ ತಿದ್ದುಪಡಿಯಂತೆ, 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲಾ ಪ್ರವೇಶದಿಂದ ಮತದಾರರ ಪಟ್ಟಿಯವರೆಗೆ ಜನನ ಪ್ರಮಾಣಪತ್ರವೇ ಆಧಾರ. ಅಲ್ಲಿ ಒಮ್ಮೆ ನುಸುಳಿದ ಸುಳ್ಳು ಜೀವನದುದ್ದಕ್ಕೂ ಹಿಂಬಾಲಿಸುತ್ತದೆ.

“ಎಲ್ಲರೂ ಮಾಡುತ್ತಾರೆ, ಮಾಡದವನು ಹಿಂದೆ ಬೀಳುತ್ತಾನೆ” ಎಂಬುದು ಇನ್ನೊಂದು ಆಕ್ಷೇಪ. ಹಿಂದೆ ಬೀಳಬಹುದೆಂಬುದು ನಿಜ. ಅದನ್ನು ಮರೆಮಾಚಿ ವ್ರತವನ್ನು ಬೋಧಿಸುವುದೂ ಅಪ್ರಾಮಾಣಿಕವೇ. ವ್ರತಕ್ಕೆ ಬೆಲೆಯಿರುವುದು ನಷ್ಟದ ಎದುರಿನಲ್ಲಿ ಮಾತ್ರ. ಲಾಭವಿರುವಲ್ಲಿ ಸತ್ಯ ನುಡಿಯಲು ವ್ರತವೇ ಬೇಕಿಲ್ಲ.

ಯಂತ್ರದಿಂದ ಈ ಸಮಸ್ಯೆ ಬಗೆಹರಿಯಬಹುದೆಂಬ ನಂಬಿಕೆಯೂ ಇದೆ. ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಳಿಯು ಕಿರಿಯ ಬಾಲಕರ ಎಡಗೈ ಮತ್ತು ಮಣಿಕಟ್ಟಿನ ಎಕ್ಸ್-ರೇ ತೆಗೆಸಿ, ಟ್ಯಾನರ್-ವೈಟ್‌ಹೌಸ್ ಎಂಬ ವಿಧಾನದಿಂದ ಮೂಳೆಯ ವಯಸ್ಸನ್ನು ಅಳೆಯಿಸುತ್ತದೆ. ಇದು ಉಪಯುಕ್ತ ಸಾಧನ. ಆದರೆ ಅದು ಹೇಳುವುದು ಮೂಳೆಯ ಪಕ್ವತೆಯನ್ನು, ಹುಟ್ಟಿದ ದಿನವನ್ನಲ್ಲ. ಬೇಗ ಬೆಳೆದ ಪ್ರಾಮಾಣಿಕ ಬಾಲಕನ ಮೂಳೆ ಅವನ ವಯಸ್ಸಿಗಿಂತ ಮುಂದಿರಬಹುದು. ನಿಧಾನವಾಗಿ ಬೆಳೆದವನ ಸುಳ್ಳು ಪರೀಕ್ಷೆಯನ್ನು ದಾಟಬಹುದು. ಹಿರಿಯರು ನಿಜ ನುಡಿಯದ ಕಡೆ ಮಗುವಿನ ಮೂಳೆಯನ್ನು ಸಾಕ್ಷಿಗೆ ಕರೆಯಬೇಕಾಗಿ ಬಂದಿದೆ. ಆ ಸಾಕ್ಷ್ಯದ ತಪ್ಪಿಗೆ ನಿರಪರಾಧಿಯೂ ಬೆಲೆ ತೆರಬೇಕಾದೀತು.

2020ರ ಆಗಸ್ಟ್‌ನಲ್ಲಿ ಮಂಡಳಿಯು ಬೇರೊಂದು ಮಾರ್ಗವನ್ನು ತೆರೆಯಿತು. ಸೆಪ್ಟೆಂಬರ್ 15ರೊಳಗೆ ತಾನಾಗಿ ಮುಂದೆ ಬಂದು ವಯಸ್ಸಿನ ಸುಳ್ಳನ್ನು ಒಪ್ಪಿಕೊಂಡವನಿಗೆ ಶಿಕ್ಷೆಯಿಲ್ಲ, ಅವನ ನಿಜವಾದ ವಯೋವರ್ಗದಲ್ಲಿ ಆಡಬಹುದು. ಮುಚ್ಚಿಟ್ಟು ಸಿಕ್ಕಿಬಿದ್ದರೆ ಎರಡು ವರ್ಷಗಳ ನಿಷೇಧ ಎಂದು ಸಾರಿತು. ಗುರುವಿನೆದುರು ದೋಷವನ್ನು ನಿವೇದಿಸಿ ಪ್ರಾಯಶ್ಚಿತ್ತ ಪಡೆಯುವ ಆಲೋಚನೆ, ಪ್ರತಿಕ್ರಮಣಗಳ ಪರಿಚಯವಿರುವವರಿಗೆ ಇದರ ವಿವೇಕ ಕೂಡಲೇ ಗೋಚರವಾಗುತ್ತದೆ. ತಪ್ಪಿದವನಿಗೆ ಮರಳುವ ಬಾಗಿಲು ಇರಬೇಕು. ಅದರಲ್ಲಿಯೂ ಅವನು ಇತರರ ತಪ್ಪನ್ನು ಹೊತ್ತ ಬಾಲಕನಾಗಿದ್ದರೆ ಆ ಬಾಗಿಲು ಅಗಲವಾಗಿಯೇ ಇರಬೇಕು.

ಆದರೂ ಒಂದು ಸಾಲ ಉಳಿದೇ ಉಳಿಯುತ್ತದೆ. ಕದ್ದ ಹಣವನ್ನು ಹಿಂದಿರುಗಿಸಬಹುದು. ಕಳ್ಳತೂಕದ ವರ್ತಕನು ಕೊರತೆಯನ್ನು ತುಂಬಿಕೊಡಬಹುದು. ಹೊರಗುಳಿದ ಬಾಲಕನ ಹದಿನಾರನೆಯ ವರ್ಷವನ್ನು ಯಾರೂ ಅವನಿಗೆ ಮರಳಿ ಕೊಡಲಾರರು. ಮಂಡಳಿಯ ಕ್ಷಮೆ ಮಂಡಳಿಯ ಪರವಾದುದು ಮಾತ್ರ. ಆ ಬಾಲಕನ ಪರವಾಗಿ ಕ್ಷಮಿಸುವ ಅಧಿಕಾರ ಯಾರಿಗೂ ಇಲ್ಲ. ಇತರ ಕಳವುಗಳಿಗಿಂತ ಇದು ಗುರುತರವಾಗುವುದು ಈ ಕಾರಣದಿಂದಲೇ. ಪ್ರಾಯಶ್ಚಿತ್ತವು ಪೂರ್ಣವಾಗಲಾರದ ದೋಷವನ್ನು ಮೊದಲೇ ತಡೆಯುವುದೊಂದೇ ದಾರಿ.

ಇಷ್ಟಕ್ಕೂ ಕಿರಿಯರ ಪಂದ್ಯಾವಳಿಯ ಪ್ರಯೋಜನವೇನೆಂಬುದನ್ನು ಮರೆಯಬಾರದು. 2016ರಲ್ಲಿ ಮಂಡಳಿಯು, ವಯಸ್ಸಿನ ಅವಕಾಶವಿದ್ದರೂ ಒಬ್ಬ ಆಟಗಾರನು ಒಂದೇ ಬಾರಿ ಕಿರಿಯರ ವಿಶ್ವಕಪ್ಪಿನಲ್ಲಿ ಆಡತಕ್ಕದ್ದೆಂದು ನಿಯಮಿಸಿತು. ಅನುಭವಿಗಳನ್ನೇ ಮತ್ತೆ ಕಳುಹಿಸಿ ಕಪ್ ಗೆಲ್ಲುವುದಕ್ಕಿಂತ ಹೆಚ್ಚು ಮಕ್ಕಳಿಗೆ ಕಲಿಯುವ ಅವಕಾಶ ಸಿಗಲಿ ಎಂಬುದು ಅದರ ಆಶಯ. ದ್ರಾವಿಡರ ಪುತ್ರ ಸಮಿತ್ 2024ರಲ್ಲಿ ಭಾರತದ 19ರೊಳಗಿನ ತಂಡಕ್ಕೆ ಆಯ್ಕೆಯಾದರು. ಆದರೆ ಮುಂದಿನ ವಿಶ್ವಕಪ್ ಇದ್ದುದು 2026ರಲ್ಲಿ. 2005ರಲ್ಲಿ ಜನಿಸಿದ ಅವರು ಆ ವೇಳೆಗೆ ವಯೋಮಿತಿಯನ್ನು ದಾಟಿದ್ದರು. ತಂದೆಯ ಕೀರ್ತಿ ದೊಡ್ಡದಾದರೂ ದಿನಾಂಕದ ಗೆರೆ ಎಲ್ಲರ ಮನೆಗೂ ಒಂದೇ. ಅದನ್ನು ಒಪ್ಪಿಕೊಂಡು ಆಡುವುದರಲ್ಲಿ ಯಾವ ಅಪಮಾನವೂ ಇಲ್ಲ.

ಸಮಾಜದ ಕುಟುಂಬಗಳೂ ಬಸದಿಗಳ ಧರ್ಮದರ್ಶಿ ಮಂಡಳಿಗಳೂ ಈ ವಿಷಯದಲ್ಲಿ ಮಾಡಬಹುದಾದುದು ಅಲ್ಪವಲ್ಲ. ವಿದ್ಯಾರ್ಥಿನಿಲಯದ ಪ್ರವೇಶ, ವಿದ್ಯಾರ್ಥಿವೇತನ, ವಾರ್ಷಿಕೋತ್ಸವದ ಆಟೋಟ, ಎಲ್ಲದಕ್ಕೂ ವಯಸ್ಸಿನ ದಾಖಲೆ ಬರುತ್ತದೆ. ಪರಿಚಯದ ದಾಕ್ಷಿಣ್ಯಕ್ಕೆ ಕಟ್ಟುಬಿದ್ದು ಸಂಶಯದ ಪತ್ರಕ್ಕೆ ದೃಢೀಕರಣ ಕೊಡುವುದು ಅನುಮೋದನೆಯೇ ಆಗುತ್ತದೆ. ಹಾಗೆಯೇ, ನಿಜವಾದ ದಿನಾಂಕ ಹೇಳಿ ಆಯ್ಕೆಯಿಂದ ಹೊರಗುಳಿದ ಹುಡುಗನನ್ನು ಕರೆದು ಅವನ ಮುಂದಿನ ಅಭ್ಯಾಸಕ್ಕೆ ನೆರವಾಗುವುದು ಗೆದ್ದವನಿಗೆ ಹಾರ ಹಾಕುವುದಕ್ಕಿಂತ ಹೆಚ್ಚಿನ ಕಾರ್ಯ. ಸತ್ಯಕ್ಕಾಗಿ ನಷ್ಟ ಅನುಭವಿಸಿದ ಮಗುವನ್ನು ಒಂಟಿಯಾಗಿ ಬಿಟ್ಟ ಸಮಾಜಕ್ಕೆ ಆ ಮಗುವಿಗೆ ಸತ್ಯವನ್ನು ಬೋಧಿಸುವ ಅರ್ಹತೆ ಇರಲಾರದು.